ಹಳೆ ಎಂಜಿಬಿ ಎಂಜಿನ್‌ಗೆ ಆಯಿಲ್ ಚೇಂಬರ್ ಕೂರಿಸುವುದು: ಸೋರದಂತೆ, ಅಂಚು ಸೊಟ್ಟಾಗದಂತೆ

ಎಂಜಿಬಿ ಅನ್ನುವ ಹಳೆ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಕೆಳಗೆ ಎಣ್ಣೆ ಹನಿ ಕಂಡರೆ "ಇಂಗ್ಲಿಷ್ ಗಾಡಿ ಅಲ್ವಾ, ಸೋರೋದು ಇದ್ದದ್ದೇ" ಅನ್ನುವವರು ಬಹಳ. ನಾನು ಇದನ್ನು ಒಪ್ಪುವುದಿಲ್ಲ. ಈ ಎಂಜಿನ್‌ನ ಆಯಿಲ್ ಚೇಂಬರ್, ಅಂದರೆ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ತೊಟ್ಟಿ, ಸರಿಯಾಗಿ ಕೂರಿಸಿದರೆ ವರ್ಷಗಟ್ಟಲೆ ಒಣಗಿಯೇ ಇರುತ್ತದೆ. ಸೋರುವ ಚೇಂಬರ್ ಬಿಚ್ಚಿ ನೋಡಿದರೆ ಹೆಚ್ಚಾಗಿ ಕಾಣುವುದು ಒಂದೇ ಕಥೆ. ಯಾರೋ ಬೋಲ್ಟ್‌ಗಳನ್ನು ಅತಿಯಾಗಿ ಬಿಗಿದಿರುತ್ತಾರೆ. ತಗಡಿನ ಅಂಚು ಸೊಟ್ಟಾಗಿರುತ್ತದೆ. ಸೋರಿತು ಅಂತ ಮತ್ತೂ ಬಿಗಿದಿರುತ್ತಾರೆ, ಅಂಚು ಮತ್ತೂ ಸೊಟ್ಟಾಗಿರುತ್ತದೆ.

ಕಲಬುರಗಿಯಲ್ಲಿ ಎಂಜಿಬಿ ಕಾಣುವುದು ಅಪರೂಪ. ಆದರೆ ಅದರ ಎಂಜಿನ್ ನಮಗೆ ಹೊಸದಲ್ಲ. 1962ರಿಂದ 1980ರವರೆಗೆ ತಯಾರಾದ ಈ ಕಾರಿನಲ್ಲಿ ಇರುವುದು ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್, 1798 ಸಿಸಿ. ಅದಕ್ಕೂ ಮೊದಲಿನ ಎಂಜಿಎ ಕಾರು 1955ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು ಇದೇ ಬಳಗದ 1489 ಸಿಸಿ ಎಂಜಿನ್. ನಮ್ಮ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ದಶಕಗಟ್ಟಲೆ ದುಡಿದದ್ದೂ 1489 ಸಿಸಿ ಬಿ-ಸೀರೀಸ್ ಎಂಜಿನ್ನೇ. ಅಂಬಾಸಿಡರ್ ಟ್ಯಾಕ್ಸಿಗಳನ್ನು ಬಿಚ್ಚಿ ಜೋಡಿಸಿದ ಹಳೆ ಮಿಸ್ತ್ರಿ ಒಬ್ಬರು ನಿಮ್ಮ ಊರಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ ಅವರನ್ನು ಹೋಗಿ ನೋಡಿ. ಎಂಜಿಬಿಯ ಹೆಸರು ಅವರಿಗೆ ಗೊತ್ತಿರಲಿಕ್ಕಿಲ್ಲ. ಎಂಜಿನ್ ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಇಲ್ಲಿ ಹೇಳುವುದು ಎಂಜಿಬಿ ಬಗ್ಗೆ. ಎಂಜಿಎ ಇಟ್ಟುಕೊಂಡವರಿಗೂ ಅಂಬಾಸಿಡರ್ ಇಟ್ಟುಕೊಂಡವರಿಗೂ ಬಹುತೇಕ ಎಲ್ಲವೂ ಅನ್ವಯಿಸುತ್ತದೆ.

ಸೋರುತ್ತಿರುವುದು ಚೇಂಬರೇನಾ?

ಚೇಂಬರ್ ಬಿಚ್ಚುವ ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಿ. ಎಣ್ಣೆ ಎಲ್ಲೇ ಸೋರಲಿ, ಇಳಿಯುವುದು ಕೆಳಕ್ಕೇ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೂ ಒಯ್ಯುತ್ತದೆ. ಎಂಜಿನ್ ತಲೆಯ ಮೇಲಿನ ರಾಕರ್ ಕವರ್ ಸೋರಿದರೂ ಕೊನೆಗೆ ಹನಿ ತೂಗುವುದು ಚೇಂಬರಿನ ಅಂಚಿನಲ್ಲಿ.

ಎಂಜಿನ್‌ನ ಕೆಳಭಾಗ, ಎರಡೂ ಬದಿ ಡೀಸೆಲ್ ಹಚ್ಚಿ ತೊಳೆದು ಪೂರ್ತಿ ಒಣಗಿಸಿ. ಅದರ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ. ಎಂಜಿನ್ ಬಿಸಿಯಾಗುವ ತನಕ ಓಡಿಸಿ. ಎಣ್ಣೆ ಇಳಿದ ದಾರಿ ಪೌಡರಿನಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ.

ಈ ಎಂಜಿನ್‌ನಲ್ಲಿ ಎರಡು ಜಾಗ ಜನರನ್ನು ದಾರಿ ತಪ್ಪಿಸುತ್ತವೆ. ಒಂದು, ಎಡಗಡೆ ಮ್ಯಾನಿಫೋಲ್ಡ್ ಕೆಳಗೆ ಇರುವ ಎರಡು ಟ್ಯಾಪೆಟ್ ಕವರ್‌ಗಳು. ಅವು ಕಣ್ಣಿಗೆ ಬೀಳುವುದಿಲ್ಲ, ಕೈಯೂ ಸುಲಭಕ್ಕೆ ಹೋಗುವುದಿಲ್ಲ. ಹಾಗಾಗಿ ಯಾರೂ ನೋಡುವುದಿಲ್ಲ. ಇನ್ನೊಂದು, ಹಿಂದಿನ ಬೆಲ್ ಹೌಸಿಂಗ್, ಅಂದರೆ ಕ್ಲಚ್ ಮುಚ್ಚುವ ಗೂಡು. ಅದರ ತಳದಲ್ಲಿ ಸಣ್ಣ ತೂತು, ತೂತಿನಲ್ಲಿ ನೇತಾಡುವ ಸ್ಪ್ಲಿಟ್ ಪಿನ್ ಇರುತ್ತದೆ. ಪಿನ್ ಅಲುಗಾಡುತ್ತಾ ಇದ್ದರೆ ತೂತು ಕಟ್ಟುವುದಿಲ್ಲ ಅಂತ ಆ ಏರ್ಪಾಟು. ಎಣ್ಣೆ ಅಲ್ಲಿಂದ ಹನಿಯುತ್ತಿದ್ದರೆ ಅದು ಕ್ರ್ಯಾಂಕ್‌ಶಾಫ್ಟ್‌ನ ಹಿಂಭಾಗದ್ದು, ಇಲ್ಲವೇ ಗೇರ್‌ಬಾಕ್ಸಿನದ್ದು. ಚೇಂಬರ್ ಪ್ಯಾಕಿಂಗ್ (ಚೇಂಬರಿಗೂ ಎಂಜಿನ್ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್) ಎಷ್ಟು ಸಲ ಬದಲಿಸಿದರೂ ಅದು ನಿಲ್ಲುವುದಿಲ್ಲ. ಎಂಜಿಎಯ ಮೂರು ಬೇರಿಂಗ್ ಎಂಜಿನ್‌ನಲ್ಲಂತೂ ಹಿಂದೆ ರಬ್ಬರ್ ಸೀಲೇ ಇಲ್ಲ. ಶಾಫ್ಟ್ ತಿರುಗುವಾಗ ಅದರ ಮೇಲೆ ಕೊರೆದ ಸುರುಳಿಯೇ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಎಂಜಿನ್ ನಿಂತಾಗ ಒಂದೆರಡು ಹನಿ ಬಿದ್ದರೆ ಅದನ್ನು ರೋಗ ಅನ್ನಲಾಗದು.

ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪನ್ನೂ ಊದಿ ನೋಡಿ. ಅದು ಕಟ್ಟಿದ್ದರೆ ಎಂಜಿನ್ ಒಳಗೆ ಒತ್ತಡ ಏರುತ್ತದೆ. ಆಗ ಎಷ್ಟೇ ಒಳ್ಳೆಯ ಪ್ಯಾಕಿಂಗ್ ಇದ್ದರೂ ಎಣ್ಣೆ ಹೊರಗೆ ತಳ್ಳಿಕೊಂಡು ಬರುತ್ತದೆ. ನಮ್ಮ ಕಡೆ ಧೂಳು ಜಾಸ್ತಿ. ಶಹಾಬಾದ್, ಸೇಡಂ ಕಡೆಗೆ ದಿನಾ ಓಡಾಡುವ ಗಾಡಿಯಾದರೆ ಇದನ್ನು ಮರೆಯಲೇಬೇಡಿ.

ಸಾಮಾನು

ದೊಡ್ಡ ಪಟ್ಟಿ ಏನಿಲ್ಲ. ಪ್ಯಾಕಿಂಗ್ ಸೆಟ್, ಡ್ರೈನ್ ಪ್ಲಗ್‌ಗೆ ತಾಮ್ರದ ವಾಷರ್, ಇಂಚು ಅಳತೆಯ ಸಾಕೆಟ್ ಮತ್ತು ಪಾನಾ, ದುಂಡು ತಲೆಯ ಸಣ್ಣ ಸುತ್ತಿಗೆ, ನೇರವಾದ ಉಕ್ಕಿನ ಸ್ಕೇಲು, ಸಂದು ಅಳೆಯುವ ಫೀಲರ್ ಗೇಜ್, ಗ್ರೀಸ್, ಗಟ್ಟಿಯಾಗದ ಜಾತಿಯ ಸೀಲಂಟ್ ಸ್ವಲ್ಪ, ನೂಲು ಬಿಡದ ಹತ್ತಿ ಬಟ್ಟೆ. ಬಿಗಿತ ಅಳೆಯುವ ಚಿಕ್ಕ ಟಾರ್ಕ್ ಪಾನಾ ಇದ್ದರೆ ಒಳ್ಳೆಯದು. ಇಲ್ಲದವರಿಗೆ ಬೇರೆ ದಾರಿ ಕೆಳಗೆ ಹೇಳಿದ್ದೇನೆ.

ಬೋಲ್ಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಈ ಎಂಜಿನ್‌ನ ಥ್ರೆಡ್ ಎಲ್ಲ ಇಂಚು ಅಳತೆಯವು. ಕಾಲು ಇಂಚು ಅಂದರೆ 6.35 ಮಿಲಿಮೀಟರ್. 5/16 ಇಂಚು ಅಂದರೆ 7.94 ಮಿಲಿಮೀಟರ್. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 6 ಮತ್ತು 8 ಮಿಲಿಮೀಟರ್ ಬೋಲ್ಟ್‌ಗಳು ನೋಡಲು ಅದೇ ಥರ ಇರುತ್ತವೆ. ಒಂದೆರಡು ಸುತ್ತು ಹೋಗುತ್ತವೆ ಕೂಡ. ಆಮೇಲೆ ಬ್ಲಾಕ್‌ನ ಥ್ರೆಡ್ ಹೋಗುತ್ತದೆ. ಒಂದು ಬೋಲ್ಟ್ ಕಳೆದರೆ ಉಳಿದದ್ದರಲ್ಲಿ ಒಂದನ್ನು ಜೇಬಿಗೆ ಹಾಕಿಕೊಂಡು ಹೋಗಿ, ಥ್ರೆಡ್‌ಗೆ ಥ್ರೆಡ್ ಹಚ್ಚಿ, ಬೆಳಕಿಗೆ ಹಿಡಿದು ಸಂದು ಕಾಣದಿದ್ದರೆ ಮಾತ್ರ ತನ್ನಿ.

ಬಿಚ್ಚುವುದು

ಎಂಜಿನ್ ಸ್ವಲ್ಪ ಬೆಚ್ಚಗಿರುವಾಗಲೇ ಎಣ್ಣೆ ಇಳಿಸಿ. ಡ್ರೈನ್ ಪ್ಲಗ್ ತೆಗೆದು ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು.

ಎಂಜಿನ್ ಗಾಡಿಯಲ್ಲೇ ಇದ್ದರೆ ಮುಂದಿನ ಅಡ್ಡ ಕ್ರಾಸ್‌ಮೆಂಬರ್ ಚೇಂಬರಿಗೆ ಅಡ್ಡ ಬರುತ್ತದೆ. ಮುಂದಿನ ಮೌಂಟಿಂಗ್ ಬಿಚ್ಚಿ, ಮೇಲಿಂದ ಸರಪಳಿ ಹಾಕಿ ಎಂಜಿನ್ ಸ್ವಲ್ಪ ಎತ್ತಬೇಕು. ಫ್ಯಾನ್ ರೇಡಿಯೇಟರಿಗೆ ತಾಗದಂತೆ, ಪೈಪು ವೈರುಗಳು ಎಳೆಯದಂತೆ ನೋಡಿಕೊಳ್ಳಿ. ಗಾಡಿಯ ಕೆಳಗೆ ಹೋಗುವುದಾದರೆ ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಜಾಕ್ ಒಂದನ್ನೇ ನಂಬಿ ಒಳಗೆ ಮಲಗಬೇಡಿ. ಕಲ್ಲು, ಇಟ್ಟಿಗೆ ಇಟ್ಟು ಕೆಲಸ ಮಾಡುವ ರೂಢಿ ನಮ್ಮಲ್ಲಿ ಇದೆ. ಅದನ್ನು ಬಿಡಿ. ಆದರೆ ನನ್ನ ಸಲಹೆ ಬೇರೆ. ಗೇರ್‌ಬಾಕ್ಸ್, ಕ್ಲಚ್ ಯಾವುದಾದರೂ ಕೆಲಸ ಹತ್ತಿರದಲ್ಲಿ ಇದ್ದರೆ ಎಂಜಿನ್ ಹೊರಗೆ ತೆಗೆದಾಗಲೇ ಚೇಂಬರ್ ಮಾಡಿ. ಸ್ಟ್ಯಾಂಡ್ ಮೇಲೆ ಎಂಜಿನ್ ತಲೆಕೆಳಗಾಗಿದ್ದರೆ ಪ್ಯಾಕಿಂಗ್ ತಾನಾಗಿ ಕೂತಿರುತ್ತದೆ. ಮುಂದೆ ಹೇಳುವುದೆಲ್ಲ ಹಾಗೆ ಇಟ್ಟುಕೊಂಡೇ.

ತಲೆಕೆಳಗು ಮಾಡುವ ಮೊದಲೇ ಚೇಂಬರ್ ತೆಗೆಯಿರಿ. ಎಷ್ಟೇ ಎಣ್ಣೆ ಇಳಿಸಿದರೂ ತಳದಲ್ಲಿ ಗಸಿ ಉಳಿದಿರುತ್ತದೆ. ಚೇಂಬರ್ ಇದ್ದಂತೆಯೇ ಎಂಜಿನ್ ತಿರುಗಿಸಿದರೆ ಆ ಗಸಿ ಸೀದಾ ಕ್ರ್ಯಾಂಕ್ ಮೇಲೆ, ಬೇರಿಂಗ್ ಸಂದಿಗೆ ಹೋಗುತ್ತದೆ.

ಬೋಲ್ಟ್ ಎಲ್ಲ ತೆಗೆದ ಮೇಲೂ ಚೇಂಬರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ. ಅಂಚು ಸೊಟ್ಟಾಗುವುದು ಅಲ್ಲಿಂದಲೇ ಶುರು. ಮರದ ತುಂಡು ಇಟ್ಟು ಬದಿಯಿಂದ ತಟ್ಟಿ, ನಾಲ್ಕೂ ಕಡೆ. ಬಿಟ್ಟುಕೊಳ್ಳುತ್ತದೆ.

ತಳದಲ್ಲಿ ಉಳಿದ ಗಸಿಯನ್ನು ಚೆಲ್ಲುವ ಮುನ್ನ ನೋಡಿ. ಬೆರಳಲ್ಲಿ ಉಜ್ಜಿ, ಬಿಸಿಲಿಗೆ ಹಿಡಿಯಿರಿ. ಅದರಲ್ಲಿ ಒಂದು ಆಯಸ್ಕಾಂತ ಓಡಿಸಿ. ಆಯಸ್ಕಾಂತಕ್ಕೆ ಅಂಟುವ ಚೂರು ಉಕ್ಕು ಅಥವಾ ಬೀಡಿನದ್ದು. ಕ್ಯಾಮ್ ಮತ್ತು ಟ್ಯಾಪೆಟ್ ಮೇಲೆ ಅನುಮಾನ ಇಡಿ. ಅಂಟದ ತಾಮ್ರ ಬಣ್ಣದ ಅಥವಾ ಬೂದು ಹೊಳಪಿನ ಪುಡಿ ಇದ್ದರೆ ಬೇರಿಂಗ್ ಸವೆದಿದೆ. ಆಗ ಸುಮ್ನೆ ಪ್ಯಾಕಿಂಗ್ ಹಾಕಿ ಮುಚ್ಚುವುದು ಹಣ ದಂಡ. ಬಿಳಿ ಬೆಣ್ಣೆಯಂಥ ಗಸಿ ಇದ್ದರೆ ಎಣ್ಣೆಗೆ ನೀರು ಸೇರಿದೆ.

ತೊಳೆಯುವುದು, ತಳ ಪರೀಕ್ಷಿಸುವುದು

ಚೇಂಬರ್ ಒಳಗೆ ಎಣ್ಣೆ ಅಲುಗಾಡದಂತೆ ತಡೆಯುವ ಅಡ್ಡ ತಗಡು ಇರುತ್ತದೆ. ಅದರ ಹಿಂದೆ ಕಸ ಕೂತಿರುತ್ತದೆ. ಡೀಸೆಲ್ ಹಾಕಿ ನೆನೆಸಿ, ಬ್ರಷ್ ಹೋಗದ ಕಡೆ ಗಾಳಿ ಹೊಡೆದು, ಕೊನೆಗೆ ಸೋಪಿನ ಬಿಸಿನೀರಲ್ಲಿ ತೊಳೆಯಿರಿ. ಘಾಸಲೇಟ್ ಸಿಕ್ಕರೆ ಅದೂ ಆಗುತ್ತದೆ. ಕೆಲವರು ಬಣ್ಣ ಹೊಡೆಸಲು ಮರಳಿನ ಬ್ಲಾಸ್ಟಿಂಗ್‌ಗೆ ಕೊಡುತ್ತಾರೆ. ದಯವಿಟ್ಟು ಕೊಡಬೇಡಿ. ಅಡ್ಡ ತಗಡಿನ ಸಂದಿಯಲ್ಲಿ ಸಿಕ್ಕ ಮರಳು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಬಿಸಿ ಎಣ್ಣೆ ಹರಿದಾಗ ಕಾಳು ಕಾಳಾಗಿ ಹೊರಬರುತ್ತದೆ, ಬೇರಿಂಗ್ ತಿನ್ನುತ್ತದೆ.

ತಳದಲ್ಲಿ ತಗ್ಗು ಬಿದ್ದಿದೆಯಾ ನೋಡಿ. ಎಂಜಿಬಿ ನೆಲಕ್ಕೆ ಹತ್ತಿರ ಕೂತ ಗಾಡಿ. ನಮ್ಮ ರಸ್ತೆಯ ಹಂಪ್‌ಗಳು ಅದಕ್ಕೆ ಎತ್ತರ. ಜಾಕನ್ನು ಚೇಂಬರಿಗೇ ಕೊಟ್ಟು ಎತ್ತಿದವರೂ ಇರುತ್ತಾರೆ. ತಳ ಒಳಕ್ಕೆ ಒತ್ತಿದರೆ ಆಯಿಲ್ ಪಂಪಿನ ಜಾಲರಿಗೂ ತಳಕ್ಕೂ ನಡುವಿನ ಸಂದು ಕಿರಿದಾಗುತ್ತದೆ. ಎಣ್ಣೆ ಎಳೆಯಲು ದಾರಿ ಕಡಿಮೆಯಾಗುತ್ತದೆ. ಪರೀಕ್ಷೆ ಸುಲಭ. ಮಕ್ಕಳು ಆಡುವ ಕ್ಲೇ ಒಂದು ಉಂಡೆ ಜಾಲರಿಯ ಮೇಲಿಟ್ಟು, ಹಳೆ ಪ್ಯಾಕಿಂಗ್ ಜೊತೆ ಚೇಂಬರ್ ಒಮ್ಮೆ ಕೂರಿಸಿ ತೆಗೆಯಿರಿ. ಕ್ಲೇ ಕಾಗದದಷ್ಟು ತೆಳ್ಳಗೆ ಒತ್ತಿಹೋಗಿದ್ದರೆ ತಗ್ಗನ್ನು ಒಳಗಿನಿಂದ ತಟ್ಟಿ ತೆಗೆಯಬೇಕು. ಆಮೇಲೆ ಕ್ಲೇಯ ಚೂರೂ ಉಳಿಯದಂತೆ ಒರೆಸಿ.

ಅಂಚು ನೇರ ಮಾಡುವುದು

ಇಡೀ ಕೆಲಸದಲ್ಲಿ ನಿಮ್ಮ ಸಮಯ ಜಾಸ್ತಿ ಹೋಗಬೇಕಾದ್ದು ಇಲ್ಲಿ. ಬಹಳ ಜನ ಇದನ್ನೇ ಬಿಡುತ್ತಾರೆ.

ಎಂಜಿಬಿ ಚೇಂಬರ್ ಒತ್ತಿ ಮಾಡಿದ ಉಕ್ಕಿನ ತಗಡು. ಬೋಲ್ಟ್ ಬಿಗಿದಾಗ ತೂತಿನ ಸುತ್ತಲ ತಗಡು ಬ್ಲಾಕ್ ಕಡೆಗೆ ಎದ್ದು ಬರುತ್ತದೆ. ಒಂದೊಂದು ತೂತಿನ ಸುತ್ತ ಸಣ್ಣ ಗುಡ್ಡ ಏಳುತ್ತದೆ. ಆ ಗುಡ್ಡಗಳು ಬ್ಲಾಕಿಗೆ ತಾಗಿ ನಿಲ್ಲುತ್ತವೆ. ಎರಡು ಬೋಲ್ಟ್‌ಗಳ ನಡುವೆ ಪ್ಯಾಕಿಂಗ್ ಮೇಲೆ ಒತ್ತಡವೇ ಬೀಳುವುದಿಲ್ಲ. ಎಣ್ಣೆ ಬರುವುದು ಆ ನಡುವಿನಿಂದ. ಬೋಲ್ಟ್ ಬಿಗಿದಷ್ಟೂ ಗುಡ್ಡ ಬೆಳೆಯುತ್ತದೆ, ಸೋರಿಕೆಯೂ ಬೆಳೆಯುತ್ತದೆ.

ನೇರ ಇದೆಯಾ ಅಂತ ನೋಡಲು ಸಪಾಟು ಜಾಗ ಬೇಕು. ಇದಕ್ಕೆ ಕಲಬುರಗಿಯವರು ಬೇರೆಲ್ಲೂ ಹುಡುಕಬೇಕಿಲ್ಲ. ಪಾಲಿಶ್ ಮಾಡಿದ ಶಹಾಬಾದ್ ಫರಸಿ ಕಲ್ಲು ಒಂದು ತನ್ನಿ. ಚೇಂಬರಿಗಿಂತ ದೊಡ್ಡದಿರಲಿ, ದಪ್ಪ ಇರಲಿ. ಎಲ್ಲ ಕಲ್ಲೂ ಸಪಾಟು ಇರುವುದಿಲ್ಲ. ಅಂಗಡಿಯಲ್ಲೇ ಉಕ್ಕಿನ ಸ್ಕೇಲನ್ನು ಅದರ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನಿಲ್ಲಿಸಿ, ಕೆಳಗೆ ಬೆಳಕು ನುಸುಳುತ್ತದಾ ನೋಡಿ. ನುಸುಳದ ಕಲ್ಲು ಆರಿಸಿ. ಕೆಲಸ ಮುಗಿದ ಮೇಲೆ ಗ್ಯಾರೇಜಿನಲ್ಲೇ ಇಟ್ಟುಕೊಳ್ಳಿ. ಟ್ಯಾಪೆಟ್ ಕವರ್, ರಾಕರ್ ಕವರ್ ಎಲ್ಲಕ್ಕೂ ಬರುತ್ತದೆ.

ಈಗ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿ. ಉರಿಯುವ ಮೊಬೈಲ್ ಟಾರ್ಚನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ಚೇಂಬರ್ ಬೋರಲು ಹಾಕಿ. ಎರಡು ತುದಿಗಳಲ್ಲಿ, ಕ್ರ್ಯಾಂಕ್‌ಶಾಫ್ಟ್ ಹಿಡಿಯುವ ಮೇನ್ ಬೇರಿಂಗ್ ಕ್ಯಾಪ್ ಕೂರುವ ಕಮಾನಿನಿಂದ ಬೆಳಕು ಹೇಗೂ ಬರುತ್ತದೆ. ಅಲ್ಲಿ ಬಟ್ಟೆ ತುರುಕಿ. ಬದಿಗಳಲ್ಲಿ ಬೆಳಕಿನ ಗೆರೆ ಕಾಣುವ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅತಿಯಾಗಿ ಬಿಗಿದ ಚೇಂಬರ್ ಆದರೆ ಪ್ರತಿ ಎರಡು ತೂತಿನ ನಡುವೆ ಒಂದೊಂದು ಬೆಳಕಿನ ಎಸಳು ಕಾಣುತ್ತದೆ. ಫೀಲರ್ ಗೇಜ್ ತೂರಿಸಿ ಎಷ್ಟು ಸಂದು ಅಂತ ನೋಡಿಕೊಳ್ಳಿ.

ನೇರ ಮಾಡಲು ಕಲ್ಲು ಬಳಸಬೇಡಿ, ಒಡೆಯುತ್ತದೆ. ಉಕ್ಕಿನ ದಪ್ಪ ತುಂಡು ಬೇಕು. ಕಪನೂರ ಕೈಗಾರಿಕಾ ಪ್ರದೇಶದ ಯಾವುದಾದರೂ ಲೇತ್ ಅಂಗಡಿಯಲ್ಲಿ ಕೇಳಿದರೆ ಉಳಿದ ತುಂಡು ಸಿಗುತ್ತದೆ. ಅದರ ಒಂದು ಮುಖ ಸಪಾಟು ಇರಬೇಕು, ಅಷ್ಟೇ. ತುಂಡನ್ನು ವೈಸ್‌ನಲ್ಲಿ ಹಿಡಿಸಿ. ಪ್ಯಾಕಿಂಗ್ ಕೂರುವ ಮುಖ ಮೇಲೆ ಬರುವಂತೆ ಅಂಚನ್ನು ತುಂಡಿನ ಮೇಲಿಡಿ. ಗುಡ್ಡದ ಮೇಲೆ ಸುತ್ತಿಗೆಯಿಂದ ತಟ್ಟಿ. ಜೋಳದ ರೊಟ್ಟಿ ತಟ್ಟುವ ಕೈಯಿರಲಿ: ಹಗುರ, ತಡೆಯಿಲ್ಲದೆ, ಸುತ್ತಲೂ ಒಂದೇ ಸಮ. ಜೋರಾಗಿ ಹೊಡೆದರೆ ತಗಡು ಹಿಗ್ಗುತ್ತದೆ, ಆಮೇಲೆ ಅಲೆ ಅಲೆಯಾಗಿ ನಿಲ್ಲುತ್ತದೆ. ಒಂದು ತೂತು ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು ಇಡೀ ಅಂಚನ್ನು ಸುತ್ತು ಸುತ್ತಾಗಿ ಮಾಡಿ. ನಡುನಡುವೆ ಕಲ್ಲಿನ ಮೇಲಿಟ್ಟು ಬೆಳಕು ನೋಡಿ.

ತೂತಿನ ಸುತ್ತ ಕೂದಲೆಳೆಯಷ್ಟು ತಗ್ಗಾದರೆ ಚಿಂತೆ ಇಲ್ಲ. ಅದು ಒಳ್ಳೆಯದೇ. ಆಗ ಬಿಗಿದಾಗ ಒತ್ತಡ ಮೊದಲು ಬೋಲ್ಟ್‌ಗಳ ನಡುವೆ ಬೀಳುತ್ತದೆ. ಉಬ್ಬು ಮಾತ್ರ ಉಳಿಯಬಾರದು. ಎರಡೂ ತುದಿಯ ಕಮಾನುಗಳನ್ನೂ ಬೆರಳಾಡಿಸಿ ನೋಡಿ. ಅಲ್ಲಿ ನೆಗ್ಗಿದ್ದರೆ ಆ ಜಾಗದಲ್ಲಿ ಕೂರುವ ಕಾರ್ಕ್ ಪಟ್ಟಿ ಸರಿಯಾಗಿ ಒತ್ತುವುದಿಲ್ಲ.

ಬ್ಲಾಕ್ ಕಡೆಯ ಮುಖ

ಎಂಜಿನ್ ತಲೆಕೆಳಗಾಗಿದೆ, ಅಂದರೆ ಉದುರಿದ್ದೆಲ್ಲ ಒಳಕ್ಕೇ ಬೀಳುತ್ತದೆ. ಕ್ರ್ಯಾಂಕ್ ಮೇಲೆ ಸ್ವಚ್ಛ ಬಟ್ಟೆ ಹಾಸಿ. ಹಳೆ ಪ್ಯಾಕಿಂಗನ್ನು ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಹೆರೆಯುವ ಪಟ್ಟಿಯಿಂದ ತೆಗೆಯಿರಿ. ಎಣ್ಣೆ ಒರೆಸಿ, ಕೊನೆಗೆ ತಿನ್ನರ್ ಹಚ್ಚಿದ ಬಟ್ಟೆಯಿಂದ ಮುಖ ಒಣಗಿಸಿ. ಮುಂದಿನ ಮತ್ತು ಹಿಂದಿನ ಮೇನ್ ಬೇರಿಂಗ್ ಕ್ಯಾಪ್‌ಗಳಲ್ಲಿ ಹಳೆ ಕಾರ್ಕ್ ಕೂತ ತೋಡು ಇರುತ್ತದೆ. ಅದರ ಮೂಲೆಗಳಲ್ಲಿ ಗಟ್ಟಿಯಾದ ಅಂಟು ಉಳಿದಿರುತ್ತದೆ. ಸೂಜಿಯಿಂದ ಕೆದಕಿ ತೆಗೆಯಬೇಕು.

ಬೋಲ್ಟ್ ತೂತುಗಳಲ್ಲಿ ಎಣ್ಣೆ ನಿಂತಿದ್ದರೆ ಗಾಳಿ ಹೊಡೆದು ತೆಗೆಯಿರಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ಇದ್ದರೆ ಬೋಲ್ಟ್ ಅದನ್ನು ಒತ್ತುತ್ತದೆ. ಬಿಗಿಯಾಯಿತು ಅಂತ ಅನ್ನಿಸುತ್ತದೆ, ಆದರೆ ಚೇಂಬರ್ ಒತ್ತಿರುವುದಿಲ್ಲ. ಪ್ರತಿ ಬೋಲ್ಟನ್ನೂ ಬೆರಳಲ್ಲೇ ಪೂರ್ತಿ ತಿರುಗಿಸಿ ನೋಡಿ. ಬೆರಳಿಗೆ ಹೋಗದಿದ್ದರೆ ಅದೇ ಅಳತೆಯ ಟ್ಯಾಪ್ ಹಾಕಿ ಥ್ರೆಡ್ ಚೊಕ್ಕ ಮಾಡಿ.

ಮುಚ್ಚುವ ಮುನ್ನ ಒಳಗೆ ಒಮ್ಮೆ

ಆಯಿಲ್ ಪಂಪ್ ಬಿಗಿಯಾಗಿದೆಯಾ ನೋಡಿ. ಅದಕ್ಕೆ ಹೇಳಿದ ಬಿಗಿತ 14 ಪೌಂಡ್-ಅಡಿ, ಸುಮಾರು 19 ನ್ಯೂಟನ್ ಮೀಟರ್. ಜಾಲರಿ ತೊಳೆದು ಬೆಳಕಿಗೆ ಹಿಡಿಯಿರಿ. ಹಿಂದೆ ಯಾರೋ ಧಾರಾಳವಾಗಿ ಹಚ್ಚಿದ ಸಿಲಿಕೋನ್‌ನ ಎಳೆಗಳು ಅಲ್ಲಿ ಸಿಕ್ಕಿಕೊಂಡಿದ್ದರೆ ಆಶ್ಚರ್ಯ ಬೇಡ. ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕಿಗೆ ಹಿಡಿಸುವ ಬಿಗ್ ಎಂಡ್ ಬೋಲ್ಟ್‌ಗಳ ಲಾಕ್ ವಾಷರ್ ಇದ್ದರೆ ಸರಿಯಾಗಿ ಮಡಚಿವೆಯಾ ನೋಡಿ. ಹಾಸಿದ ಬಟ್ಟೆ ತೆಗೆಯಿರಿ. ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಎಲ್ಲೂ ತಡೆಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಪ್ಯಾಕಿಂಗ್ ಮತ್ತು ಕಾರ್ಕ್

ಸೆಟ್‌ನಲ್ಲಿ ಎರಡು ಬದಿಗೆ ಎರಡು ಉದ್ದ ಪ್ಯಾಕಿಂಗ್, ಎರಡು ತುದಿಯ ಬೇರಿಂಗ್ ಕ್ಯಾಪ್‌ಗಳಿಗೆ ಎರಡು ಕಾರ್ಕ್ ಪಟ್ಟಿ ಬರುತ್ತವೆ. ಅಂಬಾಸಿಡರ್ ಪ್ಯಾಕಿಂಗ್ ಸಿಕ್ಕಿತು ಅಂತ ಎಂಜಿಬಿಗೆ ಹಾಗೇ ಹಾಕಬೇಡಿ. 1964ರ ಕೊನೆಯಲ್ಲಿ ಎಂಜಿಬಿ ಎಂಜಿನ್ ಮೂರು ಮೇನ್ ಬೇರಿಂಗಿನಿಂದ ಐದಕ್ಕೆ ಬದಲಾಯಿತು. ಯಾವುದೇ ಪ್ಯಾಕಿಂಗ್ ಆದರೂ ಚೇಂಬರ್ ಮೇಲೆ ಹಾಸಿ, ತೂತಿಗೆ ತೂತು ಕೂತರೆ ಮಾತ್ರ ಬಳಸಿ. ಸೆಟ್ ಬರುವುದು ತಡವಾದರೆ ರಬ್ಬರ್ ಬೆರೆತ ಕಾರ್ಕ್ ಶೀಟ್ ತಂದು ಬದಿಯ ಪ್ಯಾಕಿಂಗ್ ಕತ್ತರಿಸಿಕೊಳ್ಳಬಹುದು. ತುದಿಯ ಪಟ್ಟಿಗಳಿಗೆ ಮಾತ್ರ ಅಸಲು ದಪ್ಪದ್ದೇ ಬೇಕು.

ಕಾರ್ಕ್ ಒಣಗಿದರೆ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಕಪಾಟಿನಲ್ಲಿ ಇಟ್ಟ ಸೆಟ್ ತೆಗೆದು ನೋಡಿದರೆ ತೂತುಗಳು ಒಂದಕ್ಕೊಂದು ಕೂರುವುದಿಲ್ಲ. ಎಳೆದು ಹಿಗ್ಗಿಸಲು ಹೋದರೆ ಹರಿಯುತ್ತದೆ. ಬೆಚ್ಚಗಿನ ನೀರಲ್ಲಿ ಅರ್ಧ ತಾಸು ನೆನೆಸಿ. ಮೆತ್ತಗಾಗಿ ಮತ್ತೆ ತನ್ನ ಅಳತೆಗೆ ಬರುತ್ತದೆ. ಮೇಲಿನ ನೀರು ಒರೆಸಿ ಆರಲು ಬಿಡಿ, ಆದರೆ ಬಿಸಿಲಿಗೆ ಇಡಬೇಡಿ. ಬಗ್ಗಿಸಿದಾಗ ಬಿರುಕು ಬಿಡುವ ಕಾರ್ಕ್ ಆದರೆ ಎಸೆಯಿರಿ.

ತುದಿಯ ಕಾರ್ಕ್ ಪಟ್ಟಿಯನ್ನು ಕ್ಯಾಪಿನ ತೋಡಿನಲ್ಲಿ ನಡುವಿನಿಂದ ಶುರು ಮಾಡಿ ಎರಡೂ ಬದಿಗೆ ಒತ್ತುತ್ತಾ ಹೋಗಿ. ಎರಡು ತುದಿಯಲ್ಲಿ ಸ್ವಲ್ಪ ಮೇಲೆ ಚಾಚಿಕೊಂಡಿರುತ್ತದೆ. ಅದು ಜಾಸ್ತಿಯಾಯಿತು ಅಂತ ಬ್ಲೇಡ್ ಹಾಕಿ ಸಮ ಮಾಡುವವರು ಇದ್ದಾರೆ. ಹಾಗೆ ಮಾಡಬೇಡಿ! ಬದಿಯ ಪ್ಯಾಕಿಂಗ್‌ಗಿಂತ ಮಿಲಿಮೀಟರ್, ಒಂದೂವರೆ ಮಿಲಿಮೀಟರ್ ಮೇಲೆ ನಿಂತಿರಬೇಕು. ಚೇಂಬರ್ ಒತ್ತಿದಾಗ ಆ ಹೆಚ್ಚಿನ ಕಾರ್ಕ್ ಮೂಲೆಯೊಳಗೆ ತುಂಬಿಕೊಳ್ಳುತ್ತದೆ. ಸಮ ಕತ್ತರಿಸಿದರೆ ನಾಲ್ಕು ಮೂಲೆಗಳಲ್ಲಿ ಎಣ್ಣೆಗೆ ದಾರಿ ಬಿಟ್ಟ ಹಾಗೆ.

ಅಂಟು ಹಚ್ಚಬೇಕಾ ಬೇಡವಾ ಅನ್ನುವುದು ಗ್ಯಾರೇಜುಗಳ ಹಳೆ ಜಗಳ. ಎಂಜಿ ಗಾಡಿಗಳ ಆ ಕಾಲದ ವರ್ಕ್‌ಶಾಪ್ ಪುಸ್ತಕ ಹೇಳುವುದು ಬ್ಲಾಕ್ ಮುಖಕ್ಕೆ ಗ್ರೀಸ್ ಸವರಿ ಪ್ಯಾಕಿಂಗ್ ಇಡಿ ಅಂತ. ಅಂಚು ನೇರ ಇದ್ದರೆ ಅಷ್ಟೇ ಸಾಕು. ನಾನು ಬ್ಲಾಕ್ ಕಡೆಗೆ ಗಟ್ಟಿಯಾಗದ ಸೀಲಂಟ್ ತೆಳ್ಳಗೆ ಸವರುತ್ತೇನೆ, ಪ್ಯಾಕಿಂಗ್ ಜರುಗದಿರಲಿ ಅಂತ. ಚೇಂಬರ್ ಕಡೆಗೆ ಗ್ರೀಸ್ ಮಾತ್ರ. ಮುಂದೆ ಎಂದಾದರೂ ಬಿಚ್ಚಬೇಕಾದರೆ ಚೇಂಬರ್ ಸಲೀಸಾಗಿ ಬರುತ್ತದೆ. ನಾಲ್ಕು ಮೂಲೆಗಳಲ್ಲಿ, ಕಾರ್ಕ್ ಮತ್ತು ಪ್ಯಾಕಿಂಗ್ ಸೇರುವ ಕಡೆ, ಹೆಸರುಕಾಳಿನಷ್ಟು ಸಿಲಿಕೋನ್ ಇಡುತ್ತೇನೆ. ಅದಕ್ಕಿಂತ ಜಾಸ್ತಿ ಬೇಡ. ಹೊರಗೆ ಎಷ್ಟು ಉಕ್ಕಿ ಬರುತ್ತದೋ ಒಳಗೂ ಅಷ್ಟೇ ಉಕ್ಕುತ್ತದೆ. ಅದು ಕಿತ್ತು ಹೋಗಿ ಸೇರುವುದು ಆ ಜಾಲರಿಗೇ.

ಗಾಡಿಯಲ್ಲೇ ಕೆಳಗಿನಿಂದ ಕೂರಿಸುವವರು ಪ್ಯಾಕಿಂಗನ್ನು ಅಲ್ಲಲ್ಲಿ ಬೋಲ್ಟ್ ತೂತಿನ ಮೂಲಕ ಹೊಲಿಗೆ ದಾರದಿಂದ ಚೇಂಬರಿಗೆ ಕಟ್ಟಿಕೊಳ್ಳಿ. ಅಕ್ಕಪಕ್ಕದ ಬೋಲ್ಟ್ ಹಿಡಿದ ಮೇಲೆ ದಾರ ಕತ್ತರಿಸಿ ಎಳೆದುಬಿಡಿ.

ಕೂರಿಸುವುದು, ಬಿಗಿಯುವುದು

ಹಳೆಯ ಎರಡು ಬೋಲ್ಟ್ ತೆಗೆದುಕೊಂಡು ತಲೆ ಕತ್ತರಿಸಿ. ತುದಿಯಲ್ಲಿ ಹ್ಯಾಕ್ಸಾದಿಂದ ಒಂದು ಗೀರು ಹಾಕಿ, ಸ್ಕ್ರೂಡ್ರೈವರ್ ಕೂರುವಷ್ಟು. ಇವನ್ನು ಎದುರುಬದುರು ಮೂಲೆಯ ಎರಡು ತೂತಿಗೆ ಹಾಕಿದರೆ ಚೇಂಬರ್ ಇವುಗಳ ಮೇಲೆ ಸೀದಾ ಇಳಿಯುತ್ತದೆ. ಪ್ಯಾಕಿಂಗ್ ಜರುಗುವುದಿಲ್ಲ. ಆಮೇಲೆ ಇವನ್ನು ತೆಗೆದು ಬೋಲ್ಟ್ ಹಾಕಿ.

ಎಲ್ಲ ಬೋಲ್ಟ್‌ಗಳನ್ನೂ ವಾಷರ್ ಸಮೇತ ಮೊದಲು ಬೆರಳಲ್ಲಿ ಹಿಡಿಸಿ. ಒಂದನ್ನೂ ಪಾನಾದಿಂದ ಮುಟ್ಟಬೇಡಿ. ತುದಿಯ ಕಾರ್ಕ್‌ನಿಂದಾಗಿ ಚೇಂಬರ್ ಎರಡು ಕಡೆ ಸ್ವಲ್ಪ ಎದ್ದು ನಿಂತಿರುತ್ತದೆ. ಅಲ್ಲಿ ಅಂಗೈಯಿಂದ ಒತ್ತಿ ಹಿಡಿದು ಬೋಲ್ಟ್ ಹಿಡಿಸಿ. ಬೋಲ್ಟಿನ ಬಲದಿಂದಲೇ ಎಳೆದುಕೊಳ್ಳಲು ಹೋದರೆ ಈಗ ತಾನೇ ನೇರ ಮಾಡಿದ ಅಂಚು ಮತ್ತೆ ಬಾಗುತ್ತದೆ. ಆಮೇಲೆ ನಡುವಿನಿಂದ ಶುರು ಮಾಡಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ತುದಿಗಳ ಕಡೆಗೆ ಹೋಗುತ್ತಾ ಅರ್ಧ ಅರ್ಧ ಸುತ್ತು ತಿರುಗಿಸಿ. ಮೂರ್ನಾಲ್ಕು ಸುತ್ತು ಹೀಗೇ ಬಂದ ಮೇಲೆ ಕೊನೆಯ ಬಿಗಿತ.

ಆ ಬಿಗಿತ ಎಷ್ಟು ಅಂದರೆ 6 ಪೌಂಡ್-ಅಡಿ. ಕಿಲೋ ಲೆಕ್ಕದಲ್ಲಿ 0.83 ಕೆಜಿ-ಮೀಟರ್, ಸುಮಾರು 8 ನ್ಯೂಟನ್ ಮೀಟರ್. ಇದೇ ಎಂಜಿನ್‌ನ ಮೇನ್ ಬೇರಿಂಗ್ ನಟ್‌ಗಳಿಗೆ 70 ಪೌಂಡ್-ಅಡಿ ಬೇಕು. ಹೋಲಿಸಿ ನೋಡಿ, ಚೇಂಬರಿಗೆ ಬೇಕಾದ್ದು ಅದರ ಹತ್ತನೇ ಒಂದಕ್ಕಿಂತ ಕಡಿಮೆ. ದೊಡ್ಡ ಟಾರ್ಕ್ ಪಾನಾಗಳು ಇಷ್ಟು ಕಡಿಮೆ ಅಳತೆಯಲ್ಲಿ ನಂಬಿಕೆಗೆ ಬರುವುದಿಲ್ಲ. ಕ್ಲಿಕ್ ಸದ್ದು ಬರಲಿ ಅಂತ ಕಾಯುತ್ತಾ ಕೂತರೆ ಥ್ರೆಡ್ ಹೋಗಿರುತ್ತದೆ. ಕಾಲು ಇಂಚಿನ ಡ್ರೈವ್ ಇರುವ ಚಿಕ್ಕದು ಬೇಕು. ಅದರಲ್ಲಿ ಇಂಚು-ಪೌಂಡ್ ಗುರುತು ಇದ್ದರೆ 72ಕ್ಕೆ ಇಡಿ.

ಅದೂ ಇಲ್ಲದಿದ್ದರೆ ಸಾಮಾನು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತನ್ನಿ. ಸಾಕೆಟ್‌ನ ಹಿಡಿಯಲ್ಲಿ, ಬೋಲ್ಟ್ ನಡುವಿನಿಂದ ಸರಿಯಾಗಿ 20 ಸೆಂಟಿಮೀಟರ್ ದೂರದಲ್ಲಿ ಗುರುತು ಹಾಕಿ. ಅಲ್ಲಿ ಕೊಕ್ಕೆ ಸಿಕ್ಕಿಸಿ ಹಿಡಿಗೆ ಅಡ್ಡವಾಗಿ ಎಳೆಯಿರಿ. ತಕ್ಕಡಿ 4 ಕೆಜಿ ದಾಟಿದ ಕೂಡಲೇ ನಿಲ್ಲಿಸಿ. ಅದೇ ನಿಮ್ಮ 6 ಪೌಂಡ್-ಅಡಿ. ಎರಡು ಮೂರು ಬೋಲ್ಟ್ ಹೀಗೆ ಮಾಡಿದರೆ ಕೈಗೇ ಅಂದಾಜು ಬರುತ್ತದೆ. ಇಷ್ಟೇನಾ ಅಂತ ಅನ್ನಿಸುತ್ತದೆ. ಇಷ್ಟೇ. ನಮ್ಮ ಕಡೆಯ ಒಬ್ಬ ಹಿರಿಯ ಮಿಸ್ತ್ರಿ, ಎಲ್ಲರಿಗೂ ಚಾಚಾ, ಹೊಸ ಹುಡುಗರ ಕೈಯಿಂದ ಉದ್ದ ಹಿಡಿಯ ಪಾನಾ ಕಸಿದುಕೊಂಡೇ ಈ ಕೆಲಸ ಕೊಡುತ್ತಾರೆ. "ತಮ್ಮಾ, ಇದು ಲಾರಿ ಗಾಲಿ ನಟ್ ಅಲ್ಲ. ಪ್ಯಾಕಿಂಗ್ ಒತ್ತಬೇಕು, ಹಿಂಡಬಾರ್ದು" ಅಂತಾರೆ.

ಅರ್ಧ ತಾಸು ಬಿಟ್ಟು ಮತ್ತೆ ಒಂದು ಸುತ್ತು ಅದೇ ಬಿಗಿತಕ್ಕೆ ನೋಡಿ. ಕಾರ್ಕ್ ಸ್ವಲ್ಪ ಕೂತಿರುತ್ತದೆ, ಕೆಲವು ಬೋಲ್ಟ್ ತುಸು ತಿರುಗುತ್ತವೆ. ಒಂದು ಬೋಲ್ಟ್ ಮಾತ್ರ ತಿರುಗುತ್ತಲೇ ಹೋದರೆ ಥ್ರೆಡ್ ಹೋಗಿದೆ ಅಂತ ಅರ್ಥ. ಅದನ್ನು ಹಾಗೇ ಬಿಟ್ಟು ಪಕ್ಕದವನ್ನು ಬಿಗಿಯುವುದು ಪರಿಹಾರವಲ್ಲ. ಚೇಂಬರ್ ತೆಗೆದು, ಆ ತೂತಿಗೆ ಥ್ರೆಡ್ ಇನ್ಸರ್ಟ್ ಹಾಕಿಸಿ.

ಡ್ರೈನ್ ಪ್ಲಗ್

ತಾಮ್ರದ ವಾಷರ್ ಒಮ್ಮೆ ಬಿಗಿದ ಮೇಲೆ ಗಟ್ಟಿಯಾಗುತ್ತದೆ. ಹೊಸದು ಸಿಗದಿದ್ದರೆ ಹಳೆಯದನ್ನು ಗ್ಯಾಸ್ ಒಲೆಯ ಮೇಲೆ ಮಬ್ಬು ಕೆಂಪಾಗುವ ತನಕ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮತ್ತೆ ಮೆತ್ತಗಾಗುತ್ತದೆ. ಮೇಲಿನ ಕಪ್ಪು ಪದರ ನುಣ್ಣನೆಯ ಎಮರಿ ಕಾಗದದಿಂದ ಉಜ್ಜಿ ತೆಗೆದು ಬಳಸಿ.

ಎಣ್ಣೆ ಹಾಕಿ ಶುರು ಮಾಡುವುದು

ಈ ಎಂಜಿನ್‌ಗೆ 20ಡಬ್ಲ್ಯೂ-50 ಮಿನರಲ್ ಎಣ್ಣೆ ಹೊಂದುತ್ತದೆ, ನಮ್ಮ ಬಿಸಿಲಿಗೂ ಹೊಂದುತ್ತದೆ. ಫಿಲ್ಟರ್ ಸೇರಿ ಸುಮಾರು 4.25 ಲೀಟರ್ ಹಿಡಿಯುತ್ತದೆ. ಆಯಿಲ್ ಕೂಲರ್ ಇದ್ದರೆ ಇನ್ನೂ ಸ್ವಲ್ಪ. ಒಮ್ಮೆಲೇ ಎಲ್ಲ ಸುರಿಯದೆ, ಕೊನೆಯ ಅರ್ಧ ಲೀಟರನ್ನು ಡಿಪ್‌ಸ್ಟಿಕ್ ನೋಡುತ್ತಾ ಹಾಕಿ. ಜಾಸ್ತಿ ತುಂಬಿದರೂ ಸೋರಿಕೆ ಬರುತ್ತದೆ.

ತಕ್ಷಣ ಶುರು ಮಾಡಬೇಡಿ. ಎಣ್ಣೆ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ಹಳೆ ಪೇಪರ್ ಹಾಸಿ ನೋಡಿ. ಎಂಜಿನ್ ನಿಂತಿರುವಾಗಲೇ ಸೋರಿದರೆ ತಪ್ಪು ಎಲ್ಲಿದೆ ಅಂತ ಕಂಡುಹಿಡಿಯುವುದು ಸುಲಭ.

ಆಮೇಲೆ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆಯಿರಿ, ಕಾಯಿಲ್ ವೈರ್ ಬಿಚ್ಚಿಡಿ. ಸ್ಟಾರ್ಟರನ್ನು ಹತ್ತು ಸೆಕೆಂಡ್ ತಿರುಗಿಸಿ, ಸ್ವಲ್ಪ ಬಿಟ್ಟು ಮತ್ತೆ ತಿರುಗಿಸಿ. ಆಯಿಲ್ ಪ್ರೆಶರ್ ಮುಳ್ಳು ಏಳುವ ತನಕ ಹೀಗೇ ಮಾಡಿ. ಪ್ಲಗ್ ಇಲ್ಲದೆ ತಿರುಗಿದರೆ ಬೇರಿಂಗ್ ಮೇಲೆ ಭಾರ ಬೀಳುವುದಿಲ್ಲ. ಒಣ ಬೇರಿಂಗಿಗೆ ಎಣ್ಣೆ ತಲುಪಲು ಸಮಯ ಸಿಗುತ್ತದೆ. ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ ಎಂಜಿನ್ ಶುರು ಮಾಡಿ. ಬಿಸಿಯಾದ ಮೇಲೆ ಓಡಿಸುವಾಗ ಒತ್ತಡ 50ರಿಂದ 80 ಪಿಎಸ್‌ಐ ನಡುವೆ, ಐಡಲ್‌ನಲ್ಲಿ 10ರಿಂದ 25ರ ನಡುವೆ ಇರಬೇಕು. ಮುಳ್ಳು ಏಳದಿದ್ದರೆ ಕೂಡಲೇ ಎಂಜಿನ್ ನಿಲ್ಲಿಸಿ.

ಹತ್ತು ಹದಿನೈದು ನಿಮಿಷ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು ಬೋಲ್ಟ್‌ಗಳನ್ನು ಅದೇ 6 ಪೌಂಡ್-ಅಡಿಗೆ ಮತ್ತೊಮ್ಮೆ ನೋಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ. ಅಷ್ಟಾದ ಮೇಲೂ ಒಂದು ಹನಿ ಕಂಡರೆ ಪಾನಾ ಎತ್ತಿಕೊಳ್ಳಬೇಡಿ. ಮತ್ತೆ ತೊಳೆದು, ಪೌಡರ್ ಉದುರಿಸಿ, ಗೆರೆ ಎಲ್ಲಿಂದ ಬರುತ್ತದೆ ನೋಡಿ. ಚೇಂಬರ್ ಅಂಚು ನೇರ ಇದ್ದು, ಕಾರ್ಕ್ ಸರಿಯಾಗಿ ಕೂತಿದ್ದರೆ ಆ ಗೆರೆ ಬಹುಶಃ ಎಡಗಡೆಯ ಟ್ಯಾಪೆಟ್ ಕವರ್‌ಗೆ ಹೋಗಿ ನಿಲ್ಲುತ್ತದೆ. ಅದನ್ನು ತೆಗೆದು ಅದೇ ಫರಸಿ ಕಲ್ಲಿನ ಮೇಲೆ ಬೋರಲು ಹಾಕಿ ನೋಡಿ.